ವೇಷ ಹಾಕಿಸಿದ ದಿನ ಆ ಹುಡುಗಿ ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ಕ್ಲಾಸಿನ ಟೀಚರ್. 23 ಮಕ್ಕಳಿದ್ದಾರೆ. ಅರ್ಧದಷ್ಟು ಊರಿನವರು, ಉಳಿದವರು ಕಾಫಿ ತೋಟದ ಕೂಲಿಕಾರರ ಲೈನ್ ಮನೆಗಳಿಂದ ಬರುವವರು. ಮನೆಯಲ್ಲಿ ತಮಿಳು, ತುಳು, ಉರ್ದು ಮಾತಾಡುವವರಿದ್ದಾರೆ, ಒಬ್ಬಳು ಹುಡುಗಿ ಅಸ್ಸಾಂನಿಂದ ಬಂದವಳು. ಇನ್ನೊಬ್ಬಳು ಕಿವಿಗೆ ಮಷೀನು ಹಾಕುತ್ತಾಳೆ. ಒಬ್ಬ ಹುಡುಗನಿಗೆ ಇನ್ನೂ ಓದಲು ಬರುವುದಿಲ್ಲ, ಪುಸ್ತಕ ತೆರೆಯುವ ಮೊದಲೇ ‘ನಂಗೆ ಬರಲ್ಲ ಮಿಸ್’ ಅನ್ನುತ್ತಾನೆ. ಎಲ್ಲರಿಗೂ ತಮ್ಮ ಬಗ್ಗೆ ಹೆಮ್ಮೆ ಬರಲಿ ಅಂತ ಕಳೆದ ತಿಂಗಳು ‘ವೈವಿಧ್ಯ ದಿನ’ ಇಟ್ಟು, ಅವರವರ ಕಡೆಯ ಡ್ರೆಸ್ ಹಾಕಿಕೊಂಡು ಬರಲು ಹೇಳಿದೆ. ಅಸ್ಸಾಂ ಹುಡುಗಿ ಅವತ್ತು ಬರಲೇ ಇಲ್ಲ. ಮಾರನೇ ದಿನವೂ ಬರಲಿಲ್ಲ. ಈಗ ಹೆಡ್‌ಮಾಸ್ಟರು ಆಗಸ್ಟ್ 15ಕ್ಕೆ ಅದನ್ನೇ ಇನ್ನೂ ದೊಡ್ಡದಾಗಿ ಮಾಡಿ ಅನ್ನುತ್ತಿದ್ದಾರೆ. ಈ ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಸಲು ನಿಜವಾಗಿ ಏನು ಮಾಡಬೇಕು?

ಉತ್ತರ: ಮೇಡಂ, ಮೊದಲು ಡ್ರೆಸ್ ವಿಷಯ ಮುಗಿಸಿಬಿಡೋಣ. ಕಾರಣವನ್ನು ಅವಳೇ ಹೇಳಬೇಕು, ಆದರೆ ಊಹೆ ಮಾಡುವುದು ಕಷ್ಟವೇನಲ್ಲ. ಎರಡು ಬ್ಯಾಗಿನಲ್ಲಿ ಸಂಸಾರ ತುಂಬಿಕೊಂಡು ರೈಲು ಹತ್ತಿ ಬಂದವರ ಲೈನ್ ಮನೆಯಲ್ಲಿ ‘ಅಸ್ಸಾಂ ಡ್ರೆಸ್’ ಎಲ್ಲಿರುತ್ತದೆ? ಯೂಟ್ಯೂಬಿನಲ್ಲಿ ಬಿಹು ಕುಣಿತದ ವಿಡಿಯೋ ನೋಡಿ ನಾವು ಅಸ್ಸಾಂ ಅಂದರೆ ಅದೇ ಅಂದುಕೊಂಡಿರುತ್ತೇವೆ. ಅಲ್ಲಿ ಅಸ್ಸಾಮಿ ಮಾತಾಡುವವರಿದ್ದಾರೆ, ಬಂಗಾಳಿಯವರಿದ್ದಾರೆ, ಬೋಡೋಗಳಿದ್ದಾರೆ, ಬ್ರಿಟಿಷರ ಕಾಲದಲ್ಲಿ ಚಹಾ ತೋಟಕ್ಕೆ ಅಂತ ಜಾರ್ಖಂಡ್, ಒಡಿಶಾ ಕಡೆಯಿಂದ ಕರೆತಂದವರ ಮೊಮ್ಮಕ್ಕಳು ಮರಿಮಕ್ಕಳಿದ್ದಾರೆ. ನಿಮ್ಮ ಹುಡುಗಿ ಇವರಲ್ಲಿ ಯಾರು? ಕೇಳಿದ್ದೀರಾ? ಕರ್ನಾಟಕದವರು ತಾನೇ, ಯಕ್ಷಗಾನದ ಕಿರೀಟ ಕಟ್ಟಿಕೊಂಡು ಬನ್ನಿ ಅಂತ ದೆಹಲಿಯಲ್ಲಿ ಯಾರಾದರೂ ಹೇಳಿದರೆ ನಮ್ಮ ಅರಸೀಕೆರೆಯವರು ಏನು ಮಾಡಬೇಕು ಹೇಳಿ!

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹತ್ತು ವರ್ಷದ ಮಗುವಿಗೆ ಎಲ್ಲರ ಹಾಗೆ ಇದ್ದುಬಿಡಬೇಕು ಅನ್ನಿಸುತ್ತದೆ. ಹೊಸ ಊರು, ಹೊಸ ಭಾಷೆ, ಬಿಸಿಯೂಟದ ಸಾರು ಕೂಡ ಹೊಸದು. ಇಷ್ಟರ ನಡುವೆ ಯಾರ ಕಣ್ಣಿಗೂ ಬೀಳದ ಹಾಗೆ ಹೇಗೋ ದಿನ ದೂಡುತ್ತಿರುವ ಮಗುವನ್ನು ನಾವೇ ಮುಂದೆ ಕರೆದು, ನೀನು ಬೇರೆ, ಬಾ ಎಲ್ಲರಿಗೂ ತೋರಿಸು ಅಂದರೆ ಅದಕ್ಕೆ ಹೆಮ್ಮೆ ಆಗುವುದಿಲ್ಲ, ಮೈ ಮುದುಡುತ್ತದೆ. ಡ್ರೆಸ್ ಇರುವ ಮಕ್ಕಳಿಗೆ ಅವತ್ತು ಖುಷಿ ಆಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಸಾಯಂಕಾಲ ಡ್ರೆಸ್ ಕಳಚಿದ ಮೇಲೆ ಏನು ಉಳಿಯಿತು? ಮಾರನೇ ದಿನ ಪಾಠ ಮತ್ತೆ ಅದೇ ಮೂರು ಜಾಣರ ಜೊತೆ ನಡೆಯುತ್ತದೆ.

ಹಾಗಾಗಿ ನನ್ನ ಸಲಹೆ ಒಂದೇ. ಮಗುವಿನ ಮನೆ, ಭಾಷೆ, ಅನುಭವ ಇವೆಲ್ಲ ಪಾಠಕ್ಕೆ ಬೇಕಾಗುವ ಹಾಗೆ ಮಾಡಿ. ಆ ಮಗು ಹೇಳದಿದ್ದರೆ ಪಾಠ ಮುಂದೆ ಹೋಗಬಾರದು, ಅಷ್ಟು ಬೇಕಾಗಬೇಕು.

ಈಗ ಮಳೆಗಾಲ. ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆಯ ಕಾಲ. ಐದನೇ ಕ್ಲಾಸಿನ ಪರಿಸರ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆ ವಸ್ತು ಬೇಕಾ? ‘ನಿಮ್ಮ ಮನೆಯಲ್ಲಿ ಕಳಲೆ ಹೇಗೆ ಹದ ಮಾಡ್ತಾರೆ, ಕೇಳಿಕೊಂಡು ಬನ್ನಿ’ ಅಂತ ಹೇಳಿ ಕಳಿಸಿ. ಊರಿನ ಮಕ್ಕಳು ಬಂದು ಹೇಳುತ್ತಾರೆ, ಹೆಚ್ಚಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಾಯಿಸಿ, ಆಮೇಲೆ ಪಲ್ಯವೋ ಸಾರೋ ಮಾಡುತ್ತಾರೆ ಅಂತ. ತುಳು ಮನೆಯ ಹುಡುಗ ಕಣಿಲೆ ಅನ್ನುತ್ತಾನೆ, ಮಳೆಗಾಲದ ಆಟಿ ತಿಂಗಳಲ್ಲಿ ತಿನ್ನಲೇಬೇಕು ಅನ್ನುತ್ತಾನೆ. ಅಸ್ಸಾಂನಲ್ಲೂ ಕಳಲೆ ತಿನ್ನುತ್ತಾರೆ. ತುರಿದು, ಹುಳಿ ಬರಿಸಿ, ಬಾಟಲಿಯಲ್ಲಿ ತುಂಬಿಡುತ್ತಾರೆ, ಅದಕ್ಕೆ ಖೊರಿಸಾ ಅನ್ನುತ್ತಾರೆ. ಆ ಹುಡುಗಿಯ ಮನೆಯಲ್ಲಿ ಅದು ಉಂಟೋ ಇಲ್ಲವೋ, ಅವರಮ್ಮ ಏನಾದರೊಂದು ಹೇಳಿ ಕಳಿಸಿರುತ್ತಾರೆ. ಎಲ್ಲ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಕೇಳಿ: ಇಷ್ಟು ದೂರದೂರದ ಜನ ಎಲ್ಲರೂ ಕಳಲೆಯನ್ನು ಹಾಗೇ ತಿನ್ನದೆ ನೆನೆಸುತ್ತಾರೆ, ಬೇಯಿಸುತ್ತಾರೆ, ಹುಳಿ ಬರಿಸುತ್ತಾರೆ, ಯಾಕೆ? ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಇರುತ್ತದೆ, ಹೀಗೆ ಮಾಡಿದರೆ ಅದು ಬಹುಪಾಲು ಹೋಗುತ್ತದೆ. ಅಜ್ಜಿಯರಿಗೆ ವಿಜ್ಞಾನ ಗೊತ್ತಿತ್ತು ಅಂತ ಭಾಷಣ ಬೇಡ, ಸುಮ್ನೆ ಪ್ರಶ್ನೆ ಕೇಳಿ, ಮಕ್ಕಳೇ ಯೋಚಿಸಲಿ. ಇಲ್ಲಿ ಆ ಹುಡುಗಿ ಏನು ತೊಟ್ಟಿದ್ದಾಳೆ ಅಂತ ಯಾರೂ ನೋಡುತ್ತಿಲ್ಲ, ಅವಳು ಏನು ಹೇಳುತ್ತಾಳೆ ಅಂತ ಕಿವಿ ಕೊಟ್ಟಿದ್ದಾರೆ.

ಒಂದು ಎಚ್ಚರಿಕೆ. ‘ಬೆಳಗ್ಗೆ ಏನು ತಿಂದು ಬಂದ್ರಿ’ ಅಂತ ಕೇಳಿ ಚಾರ್ಟ್ ಮಾಡಿಸುವ ಚಟುವಟಿಕೆ ಬಹಳ ಕಡೆ ನೋಡಿದ್ದೇನೆ. ಅದು ಬೇಡ. ಬರೀ ಕರೀ ಟೀ ಕುಡಿದು ಬಂದವರು ಇಡ್ಲಿ ಅಂತ ಸುಳ್ಳು ಹೇಳಬೇಕಾಗುತ್ತದೆ. ಹಾಗೇ ‘ನಿಮ್ಮ ಊರು ಬಿಟ್ಟು ಯಾಕೆ ಬಂದ್ರಿ’ ಅಂತ ಎಲ್ಲರೆದುರು ಕೇಳಬೇಡಿ. ನೆರೆ ಬಂದು ಮನೆ ಹೋಗಿರಬಹುದು, ಸಾಲ ಆಗಿರಬಹುದು. ಅದು ನಿಮ್ಮ ಪಾಠಕ್ಕೆ ಬೇಕಾದ ವಿಷಯ ಅಲ್ಲ.

ಅವಳು ಕ್ಲಾಸಿನಲ್ಲಿ ಮಾತಾಡುವುದಿಲ್ಲ ಅಂತಾದರೆ ಗಾಬರಿ ಬೇಡ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ತಿಂಗಳು ಬಾಯೇ ಬಿಡದೆ ಬರೀ ಕೇಳಿಸಿಕೊಳ್ಳುವುದು ಸಾಮಾನ್ಯ. ಒಳಗೆ ಕಲಿಕೆ ನಡೆಯುತ್ತಿರುತ್ತದೆ. ಉರ್ದು ಮನೆಯ ಮಗುವಿನ ಪಕ್ಕ ಕೂರಿಸಿ ನೋಡಿ. ಈ ಹುಡುಗಿಗೆ ಸ್ವಲ್ಪ ಹಿಂದಿ ಬಂದರೆ ಇಬ್ಬರಿಗೂ ಒಂದು ದಾರಿ ಸಿಗುತ್ತದೆ. ಪಕ್ಕದವಳಿಗೆ ಹೇಳಿಕೊಡುವ ಕೆಲಸ ಸಿಕ್ಕಿದ್ದಕ್ಕೆ ಆ ಉರ್ದು ಮನೆಯ ಮಗುವೂ ಸ್ವಲ್ಪ ಎತ್ತರ ಆಗುತ್ತದೆ. ಮತ್ತೆ, ದಯವಿಟ್ಟು ‘ಅಸ್ಸಾಂ ಹುಡುಗಿ’ ಅಂತ ಕರೆಯಬೇಡಿ. ನಿಮ್ಮ ಪತ್ರದಲ್ಲಿ ಹೆಸರು ಹಾಕದೇ ಇದ್ದದ್ದು ಸರಿಯೇ, ಆದರೆ ಸ್ಟಾಫ್ ರೂಮಿನಲ್ಲಿ ‘ಅಸ್ಸಾಂನವಳು’, ‘ಲೈನ್ ಮಕ್ಕಳು’, ‘ಕಿವಿ ಕೇಳದವಳು’ ಅನ್ನುವುದು ರೂಢಿ ಆದರೆ ಅದು ಹೇಗೋ ಮಕ್ಕಳ ಬಾಯಿಗೂ ಬರುತ್ತದೆ. ಅವಳ ಹೆಸರನ್ನು ಅವಳಮ್ಮ ಹೇಗೆ ಕರೆಯುತ್ತಾರೋ ಹಾಗೆ ಕಲಿತು ಕರೆಯಿರಿ.

ಈಗ ಓದಲು ಬಾರದ ಹುಡುಗನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು.

ಆತ್ಮವಿಶ್ವಾಸ ಹೆಚ್ಚಿಸಿದರೆ ಮಕ್ಕಳು ತಾವಾಗಿಯೇ ಚೆನ್ನಾಗಿ ಕಲಿಯುತ್ತಾರೆ ಅನ್ನುವ ನಂಬಿಕೆ ಎಲ್ಲ ಟ್ರೈನಿಂಗ್‌ಗಳಲ್ಲೂ ಕೇಳಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಇದಕ್ಕೆಂದೇ ಸರ್ಕಾರಿ ಕಾರ್ಯಪಡೆಯನ್ನೇ ಮಾಡಿದ್ದರು. ಆಮೇಲೆ 2003ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಕೂಡಿಸಿ ನೋಡಿದಾಗ, ಆತ್ಮಾಭಿಮಾನ ಹೆಚ್ಚಿಸಿದ್ದರಿಂದ ಮಾರ್ಕ್ಸ್ ಹೆಚ್ಚಾಯಿತು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಚೆನ್ನಾಗಿ ಮಾಡಿದ್ದರ ಫಲವಾಗಿ ಆತ್ಮಾಭಿಮಾನ ಬರುತ್ತದೆ ಅನ್ನುವುದೇ ಹೆಚ್ಚು ಕಂಡಿತು. ಅಂದರೆ ಆ ಹುಡುಗನಿಗೆ ‘ನೀನು ಜಾಣ, ನಿನ್ನ ಕೈಲಾಗುತ್ತೆ’ ಅಂತ ನೂರು ಸಲ ಹೇಳಿದರೂ, ಕ್ಲಾಸಿನ ಚಪ್ಪಾಳೆ ಹೊಡೆಸಿದರೂ, ಅವನಿಗೆ ಗೊತ್ತಿದೆ ತನಗೆ ಓದಲು ಬರುವುದಿಲ್ಲ ಅಂತ. ಮಕ್ಕಳನ್ನು ಅಷ್ಟು ಸುಲಭವಾಗಿ ಯಾಮಾರಿಸಲು ಆಗುವುದಿಲ್ಲ. ‘ನಂಗೆ ಬರಲ್ಲ’ ಅನ್ನುವುದು ಅವನ ಗುರಾಣಿ. ಪ್ರಯತ್ನ ಮಾಡಿ ಸೋತರೆ ನಗುತ್ತಾರೆ, ಪ್ರಯತ್ನವೇ ಮಾಡದಿದ್ದರೆ ಸೋಲು ಎಲ್ಲಿ?

ಅವನಿಗೆ ಬೇಕಾದದ್ದು ಓದು. ನಿಜವಾದ ಓದು, ಸಣ್ಣದಾದರೂ ಸರಿ.

ಮೊದಲು ಎಲ್ಲಿ ನಿಂತಿದ್ದಾನೆ ನೋಡಿ. ಊಟದ ಬಿಡುವಿನಲ್ಲಿ ಒಬ್ಬನನ್ನೇ ಕರೆದು ಓದಿಸಿ. ಕಾಗುಣಿತ ಬರುತ್ತದಾ? ‘ಕೆ’ ಮತ್ತು ‘ಕೇ’ ವ್ಯತ್ಯಾಸ ಗೊತ್ತಾ? ‘ಅಕ್ಕ’, ‘ಅಮ್ಮ’ ಓದಿ ‘ಪುಸ್ತಕ’ದಲ್ಲಿ ಎಡವುತ್ತಾನಾ? ಕನ್ನಡದಲ್ಲಿ ಮಕ್ಕಳು ನಿಲ್ಲುವುದೇ ಹೆಚ್ಚಾಗಿ ಈ ಜಾಗಗಳಲ್ಲಿ, ಅದರಲ್ಲೂ ‘ಸ್ತ’ದ ಹಾಗೆ ಬೇರೆ ಬೇರೆ ಅಕ್ಷರ ಕೂಡಿದ ವಿಜಾತೀಯ ಒತ್ತಕ್ಷರದಲ್ಲಿ. ಐದನೇ ಕ್ಲಾಸಿನ ಪುಸ್ತಕದಲ್ಲಿ ಇಂಥವು ಸಾಲು ಸಾಲಾಗಿ ಬರುತ್ತವೆ, ಅದಕ್ಕೇ ಅವನು ಪುಸ್ತಕವನ್ನೇ ಮುಚ್ಚಿಡುತ್ತಾನೆ.

ಆಮೇಲೆ ಅವನ ಮಾತನ್ನೇ ಅವನ ಪಾಠ ಮಾಡಿ. ‘ಮೊನ್ನೆ ರಜೆಯಲ್ಲಿ ಏನು ಮಾಡಿದೆ’ ಅಂತ ಕೇಳಿ, ಅವನು ಹೇಳಿದ್ದನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಗೇ ಬರೆಯಿರಿ. ಇಂಥದ್ದು:

ಮೊನ್ನೆ ಮಳೆ ಜೋರು ಬಂತು. ನಾನೂ ಮಾವನೂ ಗದ್ದೆಗೆ ಹೋದೆವು. ಬದುವಿನ ತೂತಿನಲ್ಲಿ ಏಡಿ ಇತ್ತು. ಕೈ ಹಾಕಿದೆ, ಕಚ್ಚಿತು.

ನೋಡಿ, ಇದರಲ್ಲಿ ಇರುವ ಒತ್ತಕ್ಷರ ಎಲ್ಲ ಸಜಾತೀಯ: ನ್ನೆ, ದ್ದೆ, ಲ್ಲಿ, ತ್ತು, ಚ್ಚಿ. ವಾಕ್ಯ ಅವನದೇ ಆದ್ದರಿಂದ ಮುಂದಿನ ಪದ ಏನಿರಬಹುದು ಅಂತ ಅವನಿಗೆ ಗೊತ್ತು, ಹಾಗಾಗಿ ಅಕ್ಷರ ಹಿಡಿದು ಓದುವ ಧೈರ್ಯ ಬರುತ್ತದೆ. ಎರಡು ದಿನ ಬಿಟ್ಟು ಅದೇ ಪದಗಳನ್ನು ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದು ತೋರಿಸಿ. ಇಲ್ಲದಿದ್ದರೆ ಬಾಯಿಪಾಠ ಒಪ್ಪಿಸುತ್ತಿದ್ದಾನೋ ಓದುತ್ತಿದ್ದಾನೋ ತಿಳಿಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನಾ. ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿಕೊಡಿ. ಕ್ಲಾಸಿನಲ್ಲಿ ಅವನಿಂದ ಜೋರಾಗಿ ಓದಿಸಬೇಕು ಅಂದರೆ ಯಾವ ಪ್ಯಾರಾ ಅಂತ ಹಿಂದಿನ ದಿನವೇ ಗುಟ್ಟಾಗಿ ಹೇಳಿ ಅಭ್ಯಾಸ ಮಾಡಿಸಿ. ಒಂದು ಸಲ ಎಲ್ಲರ ಮುಂದೆ ತಡವರಿಸದೆ ಮೂರು ಸಾಲು ಓದಿದರೆ, ಮುಂದಿನ ವಾರ ‘ನಂಗೆ ಬರಲ್ಲ’ ಅನ್ನುವುದು ಸ್ವಲ್ಪ ತಡವಾಗಿ ಬರುತ್ತದೆ.

ಹೊಗಳುವುದೇ ಬೇಡವಾ ಅಂತ ಕೇಳಬಹುದು. ಹೊಗಳಿ, ಆದರೆ ಮಾಡಿದ್ದನ್ನು ಹೊಗಳಿ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲೌಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನೀನು ಬುದ್ಧಿವಂತ’ ಅನ್ನಿಸಿಕೊಂಡ ಐದನೇ ಕ್ಲಾಸಿನ ಮಕ್ಕಳು ಆಮೇಲೆ ಸುಲಭದ ಕೆಲಸವನ್ನೇ ಆರಿಸಿಕೊಂಡದ್ದು ಜಾಸ್ತಿ, ‘ಕಷ್ಟಪಟ್ಟು ಮಾಡಿದೆ’ ಅನ್ನಿಸಿಕೊಂಡವರು ಕಷ್ಟದ್ದಕ್ಕೂ ಕೈ ಹಾಕಿದರು. ‘ಶಭಾಷ್, ಗುಡ್’ ಬದಲು ‘ಕಚ್ಚಿತು ಅನ್ನುವಲ್ಲಿ ನಿಂತೆ, ತಿರುಗಿ ನೋಡಿ ನೀನೇ ಸರಿ ಮಾಡಿಕೊಂಡೆ’ ಅನ್ನಿ. ಏನು ಮಾಡಿದ್ದರಿಂದ ಬಂತು ಅಂತ ಅವನಿಗೆ ತಿಳಿಯಬೇಕು, ಅಲ್ವಾ?

ಇದರ ಜೊತೆಗೆ ಅವನ ಕಣ್ಣು, ಕಿವಿ ಪರೀಕ್ಷೆ ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಅವನ ಹೆಸರನ್ನು ವಿಶೇಷವಾಗಿ ಹೇಳಿ. ಕೆಲವು ತಿಂಗಳು ದಿನಾ ಓದಿಸಿದರೂ ಮುಂದೆ ಹೋಗದಿದ್ದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ, ಅದೇ ನಾವು ಬಿಐಇಆರ್‌ಟಿ ಅನ್ನುತ್ತೇವಲ್ಲ, ಅವರಿಗೆ ತಿಳಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಒಂದು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಆ ಕಾಯ್ದೆಯಲ್ಲೇ ಇವೆ. ಆದರೆ ತಜ್ಞರು ನೋಡುವ ಮೊದಲು ನೀವಾಗಲಿ ನಾನಾಗಲಿ ಅವನಿಗೆ ಯಾವ ಹೆಸರನ್ನೂ ಅಂಟಿಸುವುದು ಬೇಡ. ಬಹಳ ಮಕ್ಕಳಿಗೆ ಯಾವ ನ್ಯೂನತೆಯೂ ಇರುವುದಿಲ್ಲ, ಒಂದೆರಡು ವರ್ಷ ಯಾರೂ ಸರಿಯಾಗಿ ಓದಿಸಿರುವುದಿಲ್ಲ ಅಷ್ಟೇ.

ಕಿವಿ ಮಷೀನಿನ ಹುಡುಗಿಗೆ ಬೇಕಾದದ್ದು ಹೆಚ್ಚಾಗಿ ನಿಮ್ಮ ಅಭ್ಯಾಸಗಳಲ್ಲಿ ಬದಲಾವಣೆ. ಮಷೀನು ನಿಮ್ಮ ಮಾತನ್ನು ಮಾತ್ರ ದೊಡ್ಡದು ಮಾಡುವುದಿಲ್ಲ, ಬೆಂಚು ಎಳೆದ ಶಬ್ದವನ್ನೂ ತಗಡಿನ ಮೇಲೆ ಬೀಳುವ ಮಳೆಯನ್ನೂ ದೊಡ್ಡದು ಮಾಡುತ್ತದೆ. ಜುಲೈ ತಿಂಗಳ ಸಕಲೇಶಪುರದಲ್ಲಿ ಆ ಮಗುವಿಗೆ ಏನು ಕೇಳಿಸುತ್ತಿರುತ್ತದೆ ಯೋಚಿಸಿ. ಮಳೆ ಜೋರಾದಾಗ ಬಾಯಿಮಾತಿನ ಪಾಠ ನಿಲ್ಲಿಸಿ ಬರೆಯುವ, ಚಿತ್ರದ ಕೆಲಸ ಕೊಡಿ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ, ಅವಳು ನಿಮ್ಮ ತುಟಿಯನ್ನೂ ನೋಡುತ್ತಿರುತ್ತಾಳೆ. ಕಿಟಕಿಯ ಬೆಳಕು ನಿಮ್ಮ ಬೆನ್ನಿಗೆ ಬೀಳದೆ ಮುಖಕ್ಕೆ ಬೀಳಲಿ. ಬೆಳಗ್ಗೆ ಬ್ಯಾಟರಿ ಇದೆಯಾ ಅಂತ ಒಮ್ಮೆ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಮಷೀನು ಬೇಗ ಕೆಡುತ್ತದೆ, ರಾತ್ರಿ ಅದನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಲು ಅವರಮ್ಮನಿಗೆ ತೋರಿಸಿಕೊಡಿ. ಮಷೀನು ಹೊಂದುತ್ತಿಲ್ಲ ಅಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು, ಕಲಿಕೆಯ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಕ್ಲಾಸಿನಲ್ಲಿ ‘ಪಾಪ, ಅವಳಿಗೆ ಕೇಳಿಸಲ್ಲ, ಸಹಾಯ ಮಾಡಿ’ ಅಂತ ಹೇಳುವ ಬದಲು ‘ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಬಾರದು’ ಅಂತ ಎಲ್ಲರಿಗೂ ಒಂದೇ ನಿಯಮ ಮಾಡಿ. ಅದರಿಂದ ಅಸ್ಸಾಂನಿಂದ ಬಂದ ಹುಡುಗಿಗೂ ಲಾಭ, ನಿಮ್ಮ ಗಂಟಲಿಗೂ ಲಾಭ.

ಕೂರಿಸುವ ಬಗ್ಗೆ ಒಂದು ಮಾತು. ಮೊದಲ ಮೂರು ಕ್ಲಾಸಿನ ನಲಿಕಲಿ ಪದ್ಧತಿಯಲ್ಲಿ ಈ ಮಕ್ಕಳು ಮೂರು ವರ್ಷ ‘ತಟ್ಟೆ’ ಅನ್ನುವ ಗುಂಪುಗಳಲ್ಲಿ ಸುತ್ತ ಕೂತು, ಅವರವರ ಕಲಿಕೆಯ ಏಣಿಯಲ್ಲಿ ಅವರವರ ಮೆಟ್ಟಿಲು ಹತ್ತುತ್ತಾ ಬಂದವರು. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಸಾಲು ಬೆಂಚು, ಮುಂದೆ ಜಾಣರು, ಹಿಂದೆ ಉಳಿದವರು. ನಿಮ್ಮ ಹುಡುಗನ ‘ಬರಲ್ಲ’ ಶುರುವಾದದ್ದು ಅಲ್ಲೇ ಇರಬಹುದು. ವಾರದಲ್ಲಿ ಎರಡು ಪಾಠವಾದರೂ ಗುಂಪಿನಲ್ಲಿ ನಡೆಯಲಿ.

ಗುಂಪು ಅಂದರೆ ಒಬ್ಬ ಜಾಣೆ ಬರೆಯುವುದು, ಉಳಿದ ಮೂವರು ಪೆನ್ಸಿಲ್ ಕೆತ್ತುವುದು ಅಂತ ಆಗಬಾರದು. ಅದಕ್ಕೊಂದು ಉಪಾಯ ಇದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಕ್ಲಾಸಿಗೆ ಸೇರಿಸಿದಾಗ ಜಗಳ ಶುರುವಾಯಿತು. ಎಲಿಯಟ್ ಅರಾನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ಬೇಕೆಂದರೆ ಎಲ್ಲರೂ ಎಲ್ಲರ ಮಾತು ಕೇಳಲೇಬೇಕು. ನೀವು ಹೇಮಾವತಿ ನದಿಯನ್ನು ಹೀಗೆ ಮಾಡಿ. ಮೂಡಿಗೆರೆ ಕಡೆ ಜಾವಳಿ ಹತ್ತಿರ ಹುಟ್ಟುವುದು ಒಬ್ಬರಿಗೆ, ಸಕಲೇಶಪುರದ ಪೇಟೆ ದಾಟಿ ಹರಿಯುವುದು ಒಬ್ಬರಿಗೆ, ಗೊರೂರಿನ ಅಣೆಕಟ್ಟು ಒಬ್ಬರಿಗೆ, ಕೊನೆಗೆ ಕೆಆರ್‌ಎಸ್ ಹಿನ್ನೀರಿನ ಹತ್ತಿರ ಕಾವೇರಿಗೆ ಸೇರುವುದು ಒಬ್ಬರಿಗೆ. ಗೊರೂರಿನ ತುಂಡನ್ನು ಆ ಓದಲು ಬಾರದ ಹುಡುಗನಿಗೆ ಕೊಡಿ, ಚಿತ್ರ ಮತ್ತು ನಕ್ಷೆಯ ರೂಪದಲ್ಲಿ, ಎರಡೇ ಸಾಲು ಬರಹದ ಜೊತೆ. ಒಂದೇ ತುಂಡು ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ತಯಾರಾಗಲಿ, ಆಮೇಲೆ ತಮ್ಮ ಗುಂಪಿಗೆ ಹೋಗಿ ಹೇಳಲಿ. ಈ ತಯಾರಿ ಬಿಟ್ಟರೆ ಅವನು ಗುಂಪಿನಲ್ಲಿ ಮತ್ತೊಮ್ಮೆ ಸೋಲುತ್ತಾನೆ, ಹಾಗಾಗಿ ಅದನ್ನು ಮಾತ್ರ ಬಿಡಬೇಡಿ.

ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ ಕ್ಲಾಸುಗಳಲ್ಲಿ ಅಳೆದು ನೋಡಿದಾಗ ಟೀಚರುಗಳು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್. ಮೂರಕ್ಕೆ ಏರಿಸಿದಾಗ, ಅಲ್ಲಿಯವರೆಗೆ ಬಾಯಿ ಬಿಡದ ಮಕ್ಕಳೂ ಹೇಳತೊಡಗಿದರು. ಮನಸ್ಸಿನಲ್ಲೇ ಎರಡು ಭಾಷೆ ದಾಟಿ ಬರಬೇಕಾದ ಮಗುವಿಗೆ ಮೂರೂ ಸಾಲದು, ಇನ್ನೂ ಸ್ವಲ್ಪ ಕಾಯಿರಿ.

ಇನ್ನು ಕ್ಲಾಸಿನ ಕೆಲಸಗಳನ್ನು ಯಾರಿಗೆ ಕೊಡುತ್ತೀರಿ, ಒಂದು ವಾರ ಬರೆದಿಟ್ಟುಕೊಂಡು ನೋಡಿ. ಹಾಜರಿ ಪುಸ್ತಕ ತರುವುದು, ಪ್ರಾರ್ಥನೆಯಲ್ಲಿ ಪೇಪರ್ ಓದುವುದು ಜಾಣರಿಗೆ. ಬೆಂಚು ಎತ್ತುವುದು, ನೀರು ತರುವುದು ಓದಲು ಬಾರದವರಿಗೆ, ಹೆಚ್ಚಾಗಿ ಲೈನ್ ಮನೆಯವರಿಗೆ. ‘ಅವನಿಗೂ ಒಂದು ಜವಾಬ್ದಾರಿ ಕೊಟ್ಟಿದ್ದೇನೆ’ ಅಂತ ನಮಗೆ ಸಮಾಧಾನ, ಆದರೆ ಯಾರು ಯಾವ ಕೆಲಸಕ್ಕೆ ಲಾಯಕ್ಕು ಅಂತ ಇಡೀ ಕ್ಲಾಸಿಗೆ ನಾವು ಪಾಠ ಮಾಡಿದ ಹಾಗಾಯಿತು. ಎಲ್ಲ ಕೆಲಸವೂ ಸರದಿಯಲ್ಲಿ ಎಲ್ಲರಿಗೂ ಬರಲಿ. ಊಟದ ಸಾಲಿನಲ್ಲೂ ನೋಡಿಕೊಳ್ಳಿ. ಮೊಟ್ಟೆ ತಿನ್ನುವವರು ಒಂದು ಕಡೆ, ಬಾಳೆಹಣ್ಣಿನವರು ಇನ್ನೊಂದು ಕಡೆ ಅಂತ ಬೇರೆ ಬೇರೆ ಕೂರಿಸುವ ಶಾಲೆಗಳಿವೆ. ಬಡಿಸಲು ಸುಲಭ ಅನ್ನುತ್ತಾರೆ. ಕೂರುವಾಗ ಯಾವ ಜಾತಿ ಅಂತ ಮಕ್ಕಳೇ ಲೆಕ್ಕ ಹಾಕುತ್ತಾರೆ ಮೇಡಂ. ಕಲಸಿ ಕೂರಿಸಿ, ತಟ್ಟೆಗೆ ಬೇಕಾದ್ದು ಬೀಳಲಿ. ಮಗುವನ್ನು ಮಾನಸಿಕವಾಗಿ ಹಿಂಸಿಸುವುದು ಕೂಡ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ, ಬರೀ ಹೊಡೆಯುವುದಲ್ಲ.

ಡಿಸೆಂಬರ್ ಹೊತ್ತಿಗೆ ಕಾಫಿ ಕೊಯ್ಲು ಜೋರಾಗುತ್ತದೆ, ಲೈನ್ ಮನೆಯ ಮಕ್ಕಳು ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಹೀಗೆ ಬಿಟ್ಟು ಬಂದ ಮಗುವಿನ ಮೊದಲ ಬೆಳಗ್ಗೆ ಬಹಳ ಮುಖ್ಯ. ‘ಬಂದ್ಲಪ್ಪಾ ಮಹಾರಾಣಿ’ ಅಂದರೆ ಮಾರನೇ ದಿನ ಮತ್ತೆ ಗೈರು. ಅದೇ ಜಾಗ, ಅದೇ ಗುಂಪು ಅವಳಿಗೆ ಕಾದಿರಲಿ. ತಪ್ಪಿದ ಪಾಠವನ್ನು ಗುಂಪಿನವರೇ ಹೇಳಿಕೊಡಲಿ. ತಂದೆತಾಯಿಯನ್ನು ಕೆಲಸದ ದಿನ ಶಾಲೆಗೆ ಕರೆದರೆ ಕೂಲಿ ಹೋಗುತ್ತದೆ, ಬರುವುದಿಲ್ಲ. ಭಾನುವಾರವೋ ಸಂಜೆಯೋ ನೀವೇ ಒಮ್ಮೆ ಲೈನ್ ಕಡೆ ಹೋಗಿ ಬನ್ನಿ, ಜೊತೆಗೆ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಯಾರಾದರೂ ಬಂದರೆ ಇನ್ನೂ ಒಳ್ಳೆಯದು. ದೂರು ಒಯ್ಯಬೇಡಿ, ಆ ಮಗು ಮಾಡಿದ ಒಂದು ಕೆಲಸವನ್ನು ತೋರಿಸಲು ಒಯ್ಯಿರಿ.

ಅಸ್ಸಾಂನಿಂದ ಬಂದ ಹುಡುಗಿ ತಪ್ಪಿಸಿದ ಎರಡು ದಿನದ ಬಗ್ಗೆ ಎಲ್ಲರೆದುರು ವಿಚಾರಣೆ ಬೇಡ. ಒಬ್ಬಳೇ ಸಿಕ್ಕಾಗ ‘ಅವತ್ತು ಡ್ರೆಸ್ ಇಲ್ಲದೇ ಬಂದರೂ ಆಗುತ್ತಿತ್ತು, ನಾನು ಹೇಳಬೇಕಿತ್ತು’ ಅಂದರೆ ಸಾಕು.

ಆಗಸ್ಟ್ 15ಕ್ಕೆ ಹೆಡ್‌ಮಾಸ್ಟರಿಗೆ ಕಾರ್ಯಕ್ರಮವೂ ಬೇಕು, ವಾಟ್ಸಾಪ್ ಗ್ರೂಪಿಗೆ ಫೋಟೋವೂ ಬೇಕು, ಅದರಲ್ಲಿ ತಪ್ಪಿಲ್ಲ. ಬೇಡ ಅಂತ ವಾದ ಮಾಡುವ ಬದಲು ಬೇರೆಯದನ್ನು ಮುಂದಿಡಿ. ಹೇಮಾವತಿಯ ನಾಲ್ಕು ತುಂಡನ್ನು ಗುಂಪುಗಳು ದೊಡ್ಡ ನಕ್ಷೆ ಹಿಡಿದು ಹೇಳಲಿ, ಕಳಲೆಯ ಚಾರ್ಟ್ ಗೋಡೆಯ ಮೇಲೆ ಇರಲಿ, ನೋಡಲು ಬಂದ ಅಮ್ಮಂದಿರು ತಮ್ಮದನ್ನೂ ಸೇರಿಸಲಿ. ಡ್ರೆಸ್ ಹಾಕಲು ಇಷ್ಟ ಇದ್ದವರು ಹಾಕಲಿ, ಇಲ್ಲದವರಿಗೆ ಯೂನಿಫಾರ್ಮ್ ಇದ್ದೇ ಇದೆ. ಫೋಟೋ ಹಾಕುವಾಗ ಮಾತ್ರ ಕೆಳಗೆ ‘ವಿಶೇಷ ಅಗತ್ಯದ ಮಗು’, ‘ವಲಸೆ ಕಾರ್ಮಿಕರ ಮಗು’ ಅಂತ ಬರೆಯುವುದು ಬೇಡ ಅಂತ ಅವರಿಗೆ ಮೊದಲೇ ಹೇಳಿಡಿ. ಆ ಗ್ರೂಪಿನಲ್ಲಿ ಊರಿನವರೆಲ್ಲ ಇರುತ್ತಾರೆ.